ಶನಿವಾರ ಗಾಣ ಕಟ್ಟದವರು

ಕೊಂಕಣ ತೀರದ ಅಲಿಬಾಗ್, ಪೆಣ್, ಪನ್ವೇಲ್ ಸುತ್ತಿನ ಹಳ್ಳಿಗಳಲ್ಲಿ ಎಣ್ಣೆ ತೆಗೆದು ಬದುಕುತ್ತಿದ್ದ ಒಂದು ಸಮುದಾಯಕ್ಕೆ ನೆರೆಯವರು ಇಟ್ಟ ಹೆಸರು ‘ಶನಿವಾರ ತೇಲಿ’. ಹಿಂದೂ ಗಾಣಿಗರು ಶಿವನ ವಾರವಾದ ಸೋಮವಾರ ಗಾಣಕ್ಕೆ ಬಿಡುವು ಕೊಟ್ಟರೆ, ಇವರು ಶನಿವಾರ ಕೊಡುತ್ತಿದ್ದರು. ವ್ಯತ್ಯಾಸ ಊರಿಗೆಲ್ಲ ಗೊತ್ತಿತ್ತು, ಯಾರಿಗೂ ತೊಡಕಾಗಿರಲಿಲ್ಲ. ತಮ್ಮನ್ನು ‘ಬೆನೆ ಇಸ್ರೇಲ್’ ಎಂದು ಕರೆದುಕೊಳ್ಳುವ ಇವರು ಭಾರತದ ಯಹೂದಿಗಳಲ್ಲೇ ದೊಡ್ಡ ಗುಂಪು.

ನವಗಾಂವ್ ಬಳಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರು ಎಂಬುದು ಅವರ ಮೂಲಕಥೆ. ಕಥೆಗೆ ಲಿಖಿತ ಆಧಾರವಿಲ್ಲ. ಕೊಂಕಣದ ಚಿತ್ಪಾವನ ಬ್ರಾಹ್ಮಣರ ಮೂಲಕಥೆಯಲ್ಲೂ ಹಡಗು ಒಡೆದು ಹದಿನಾಲ್ಕು ದೇಹಗಳು ದಡಕ್ಕೆ ಬರುತ್ತವೆ. ಗಟ್ಟಿಯಾಗಿ ಉಳಿದಿರುವುದು ಆಚರಣೆಗಳು. ಹೀಬ್ರೂ ಮರೆತುಹೋಗಿ ಮನೆಮಾತು ಮರಾಠಿಯಾಗಿತ್ತು. ಧರ್ಮಗ್ರಂಥವಾಗಲಿ ರಬ್ಬಿ ಎಂಬ ಧರ್ಮಗುರುವಾಗಲಿ ಇರಲಿಲ್ಲ. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ಶನಿವಾರದ ಬಿಡುವು, ಆಹಾರದ ಕೆಲವು ನಿಷೇಧ, ‘ಶೆಮಾ’ ಪ್ರಾರ್ಥನೆಯ ಮೊದಲ ನುಡಿ, ಇಷ್ಟೇ ಉಳಿದದ್ದು.

ದಾವೀದ್ ರಹಾಬಿ ಎಂಬ ಯಹೂದಿ ವಿದ್ವಾಂಸ ಇವರನ್ನು ಗುರುತಿಸಿದ ಐತಿಹ್ಯ ಅಡುಗೆಮನೆಯದು. ಆತ ಬೆರಕೆ ಮೀನು ಕೊಟ್ಟು ಬೇಯಿಸಲು ಹೇಳಿದಾಗ, ಹೆಂಗಸರು ಯಹೂದಿ ನಿಯಮ ನಿಷೇಧಿಸುವ, ಹುರುಪೆ, ಈಜುರೆಕ್ಕೆ ಇಲ್ಲದ ಮೀನುಗಳನ್ನು ತೆಗೆದು ಬದಿಗಿಟ್ಟರಂತೆ. ಸಮುದಾಯ ಇದನ್ನು ಬಹಳ ಹಿಂದಿನ ಸಂಗತಿ ಎನ್ನುತ್ತದೆ. ರಹಾಬಿಯು 18ನೆಯ ಶತಮಾನದ ಕೊಚ್ಚಿಯ ವ್ಯಾಪಾರಿ ಮನೆತನದವನು ಎಂದು ಊಹಿಸುವ ಇತಿಹಾಸಕಾರರೂ ಇದ್ದಾರೆ.

ಕೊಂಕಣದ ಬದುಕು ಮೈಗೂಡಿದ್ದಕ್ಕೆ ಹಬ್ಬಗಳ ಹೆಸರೇ ಸಾಕ್ಷಿ. ಬಾಗಿಲು ಹಾಕಿ ಉಪವಾಸ ಕೂರುವ ಯೋಮ್ ಕಿಪ್ಪೂರ್ ‘ದಾರಫಾಳಣೀಚಾ ಸಣ್’ ಆಯಿತು. ಜೆರುಸಲೇಮಿನ ದೇವಾಲಯ ನಾಶವಾದದ್ದಕ್ಕೆ ಶೋಕಿಸುವ ದಿನ, ಅಂದು ತಿನ್ನುವ ಮೊಳಕೆಕಾಳಿನ ಸಾರಿನಿಂದ ‘ಬಿರಡ್ಯಾಚಾ ಸಣ್’ ಎನಿಸಿತು. ಹಳ್ಳಿಯ ಹೆಸರಿಗೆ ‘ಕರ್’ ಸೇರಿಸಿದ ಮನೆತನದ ಹೆಸರುಗಳು ಬಂದವು: ದಿವೇಕರ್, ರಾಜಪುರಕರ್, ಝಿರಾಡಕರ್. ಸ್ಯಾಮ್ಯುಯೆಲ್ ಸಾಮಾಜಿಯಾದ. ಮಂಗಳಸೂತ್ರ, ಮೆಹಂದಿ ಮದುವೆಗೆ ಬಂದವು. ವಿಧವೆಯರ ಮರುಮದುವೆಯನ್ನು ಕೀಳಾಗಿ ಕಾಣುವುದೂ, ‘ಗೋರಾ’ (ಬಿಳಿ), ‘ಕಾಳಾ’ (ಕಪ್ಪು) ಎಂಬ ಒಳಭೇದವೂ ಜೊತೆಗೇ ಬಂದವು. ಬೆರೆಯುವಿಕೆಯಲ್ಲಿ ಒಳ್ಳೆಯದನ್ನಷ್ಟೇ ಆರಿಸಿಕೊಳ್ಳಲಾಗುವುದಿಲ್ಲ.

ಯಹೂದಿ, ಕೊಂಕಣ ಎರಡೂ ಎಳೆ ಒಂದೇ ತಟ್ಟೆಯಲ್ಲಿ ಕಾಣುವುದು ‘ಮಲೀದಾ’ದಲ್ಲಿ. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ ಬೆರೆಸಿ, ಹಣ್ಣುಗಳೊಂದಿಗೆ ಇಟ್ಟು, ಪ್ರವಾದಿ ಎಲಿಯಾಹುವನ್ನು ಸ್ಮರಿಸಿ ಹೀಬ್ರೂ ಪ್ರಾರ್ಥನೆ ಹೇಳಿ ಹಂಚುತ್ತಾರೆ. ಹರಕೆ ತೀರಿದಾಗ, ಮದುವೆಗೆ ಮುನ್ನ, ಹೊಸ ಮನೆ ಹೊಕ್ಕಾಗ ಇದು ಇರಲೇಬೇಕು. ಬೇರೆ ನಾಡಿನ ಯಹೂದಿಗಳಿಗೆ ಈ ಪದ್ಧತಿ ಹೊಸದು.

ಮುಂಬೈಯ ಮೊದಲ ಸಿನಗಾಗ್‌ಗೆ (ಯಹೂದಿ ಪ್ರಾರ್ಥನಾಮಂದಿರ) ಮೈಸೂರಿನ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. ಈತ ಕುರಾನಿನಲ್ಲಿ ಹೆಸರಿಸಿದ ಇಸ್ರೇಲನ ಸಂತತಿಯವನೆಂದು ತಿಳಿದ ಟಿಪ್ಪುವಿನ ತಾಯಿ ಈತನ ಜೀವ ಉಳಿಸಿದಳು ಎಂಬುದು ಸಮುದಾಯದ ನಂಬಿಕೆ. ಬಿಡುಗಡೆಯಾದ ದಿವೇಕರ್ 1796ರಲ್ಲಿ ‘ಶಾರ್ ಹರಹಮೀಮ್’ ಕಟ್ಟಿಸಿದ. ಆಮೇಲೆ ಕೊಚ್ಚಿಯಿಂದ ಗುರುಗಳು ಬಂದರು. ಮತಾಂತರದ ಆಸೆಯಿಂದ ಕ್ರೈಸ್ತ ಮಿಷನರಿಗಳು ಮರಾಠಿ ಬೈಬಲನ್ನೂ ಹೀಬ್ರೂ ಪಾಠವನ್ನೂ ಕೊಟ್ಟರು. ಅದರಿಂದ ಬೆನೆ ಇಸ್ರೇಲರು ಇನ್ನೂ ಗಟ್ಟಿ ಯಹೂದಿಗಳಾದರು. ಬೈಬಲಿನ ಕಥೆಗಳನ್ನು ಮರಾಠಿ ಕೀರ್ತನೆಗಳಾಗಿ ಹಾಡತೊಡಗಿದರು.

ಸ್ವಾತಂತ್ರ್ಯದ ಹೊತ್ತಿಗೆ ಅವರ ಸಂಖ್ಯೆ ಸುಮಾರು 20,000. ಇಸ್ರೇಲ್ ದೇಶ 1948ರಲ್ಲಿ ಹುಟ್ಟಿದ ಮೇಲೆ ಹೆಚ್ಚಿನವರು ಅಲ್ಲಿಗೆ ಹೊರಟರು. ಕೊಂಕಣದಲ್ಲಿ ಯಾರೂ ಎತ್ತದ ಪ್ರಶ್ನೆ ಎದುರಾದದ್ದು ಅಲ್ಲೇ. ವಿಚ್ಛೇದನದ ಯಹೂದಿ ನಿಯಮ ತಿಳಿಯದೆ ಶತಮಾನಗಳಿಂದ ಮದುವೆಯಾದವರ ವಂಶ ಶುದ್ಧವೇ ಎಂದು ಮುಖ್ಯ ರಬ್ಬಿಯ ಪೀಠ ಸಂಶಯಪಟ್ಟು, ಮದುವೆಗೆ ಮುನ್ನ ಪೂರ್ವಜರ ವಿಚಾರಣೆ ನಡೆಸಲು 1960ರ ದಶಕದ ಆರಂಭದಲ್ಲಿ ಸೂಚಿಸಿತು. ಬೆನೆ ಇಸ್ರೇಲರು ಜೆರುಸಲೇಮಿನಲ್ಲಿ ಪ್ರತಿಭಟನೆಗೆ ಕೂತರು. 1964ರಲ್ಲಿ ಇಸ್ರೇಲಿನ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೆಂದು ಸಾರಿತು. ಅವಲಕ್ಕಿಯ ಮಲೀದಾ ಆ ದೇಶದಲ್ಲೂ ನಡೆದುಬಂದಿದೆ. ಭಾರತದಲ್ಲಿ ಉಳಿದದ್ದು ಕೆಲವೇ ಸಾವಿರ ಯಹೂದಿಗಳು; ತನ್ನ ರಾಜ್ಯದ ಯಹೂದಿಗಳಿಗೆ ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅಲ್ಪಸಂಖ್ಯಾತ ಸ್ಥಾನ ನೀಡಿತು.