ದೇವರ ಅರಿವೂ ಮನುಷ್ಯನ ಕಾಲವೂ

ನಾಳೆ ನಡೆಯತಕ್ಕುದನ್ನು ದೇವರು ಇಂದೇ ಬಲ್ಲನಾದರೆ ಮನುಷ್ಯನಿಗೆ ಸ್ವಾತಂತ್ರ್ಯವೆಲ್ಲಿಯದು? ಪಾಪಪುಣ್ಯಗಳಿಗೆ ಹೊಣೆ ಯಾರು? ಪುರಾತನವಾದ ಈ ಪ್ರಶ್ನೆಯನ್ನು ಸಾವಿನ ಇದಿರಿನಲ್ಲಿ ಕುಳಿತು ವಿಚಾರಮಾಡಿದವನು ರೋಮಿನ ಬೊಯೀಥಿಯಸ್.

ಆತನು ಕ್ರಿ. ಶ. 510ರಲ್ಲಿ ಕಾನ್ಸಲ್ ಪದವಿಯನ್ನೇರಿದನು. 522ರಲ್ಲಿ ಆತನ ಇಬ್ಬರು ಮಕ್ಕಳಿಗೂ ಏಕಕಾಲದಲ್ಲಿ ಅದೇ ಗೌರವವು ಲಭಿಸಿತು. ಆದರೆ ಸ್ವಲ್ಪ ಕಾಲದಲ್ಲಿಯೇ ಆತನ ಮೇಲೆ ರಾಜದ್ರೋಹದ ಆರೋಪ ಬರಲಾಗಿ, ಇಟಲಿಯನ್ನಾಳುತ್ತಿದ್ದ ಗಾಥ್ ದೊರೆ ಥಿಯೊಡೊರಿಕನು ಆತನನ್ನು ಸೆರೆಯಲ್ಲಿಟ್ಟು, ಸುಮಾರು 524ರಲ್ಲಿ ಕೊಲ್ಲಿಸಿದನು. ಬಂಧನದಲ್ಲಿ ಆತನು ರಚಿಸಿದ ಗ್ರಂಥವೇ ‘ತತ್ತ್ವಶಾಸ್ತ್ರದ ಸಾಂತ್ವನ’. ತತ್ತ್ವವಿದ್ಯೆಯೇ ಸ್ತ್ರೀರೂಪದಿಂದ ಬಂದು ಅದರಲ್ಲಿ ಆತನೊಡನೆ ಸಂವಾದಿಸುತ್ತಾಳೆ.

ಐದನೆಯ ಹಾಗೂ ಕಡೆಯ ಭಾಗದಲ್ಲಿ ಆಕೆ ಹೇಳುವ ಸಮಾಧಾನದ ಸಾರವಿಷ್ಟು: ದೇವರ ನಿತ್ಯತೆಯೆಂದರೆ ಕೊನೆಯಿಲ್ಲದೆ ಬೆಳೆದ ಕಾಲವಲ್ಲ. ನಮಗೆ ನಿನ್ನೆಯು ಕೈಬಿಟ್ಟಿದೆ, ನಾಳೆಯು ಕೈಸೇರಿಲ್ಲ. ಆತನಿಗಾದರೋ ಸಮಸ್ತವೂ ವರ್ತಮಾನವೇ. ಆದುದರಿಂದ ಆತನದು ಮುನ್ನರಿವಲ್ಲ, ನೋಟ. ಒಬ್ಬನು ಕಾಗದ ಬರೆಯುವುದನ್ನು ನಾವು ನೋಡಿದ ಮಾತ್ರಕ್ಕೆ ಅವನ ಕೈ ಪರಾಧೀನವಾಗದಷ್ಟೆ.

ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನೂ ನಿತ್ಯತೆಯ ಈ ಲಕ್ಷಣವನ್ನೇ ಅಂಗೀಕರಿಸಿದನು. ಆದರೂ ಆಕ್ಷೇಪಣೆಯೊಂದು ಉಳಿಯುತ್ತದೆ: ಕಾಲಾತೀತನಾದ ದೇವರು ಇಂದಿನ ಮೊರೆಯನ್ನು ಇಂದು ಆಲಿಸುವುದೆಂತು? ತಾರ್ಕಿಕರು ಇದನ್ನು ಇನ್ನೂ ಚರ್ಚಿಸುತ್ತಿದ್ದಾರೆ. ಬೊಯೀಥಿಯಸನಿಗೆ ಮಾತ್ರ ಇದು ಬರಿಯ ತರ್ಕವಾಗಿರಲಿಲ್ಲ. ಎಲ್ಲವೂ ಮೊದಲೇ ವಿಧಿಸಲ್ಪಟ್ಟುದಾದರೆ ತನ್ನ ಪ್ರಾರ್ಥನೆಯು ವ್ಯರ್ಥವಾಗುತ್ತಿತ್ತು. ತನ್ನನ್ನು ಕೊಲ್ಲಿಸುವ ದೊರೆಯೂ ನಿರ್ದೋಷಿಯಾಗುತ್ತಿದ್ದನು. ಈ ಎರಡನ್ನೂ ಒಪ್ಪದೆಯೇ ಆತನು ಗ್ರಂಥವನ್ನು ಮುಗಿಸಿದನು.