ಪ್ರೌಢಶಾಲಾ ಗಣಿತ ಶಿಕ್ಷಕರ ವೃತ್ತಿ ಬೆಳವಣಿಗೆ (ಕರ್ನಾಟಕ)

ಪ್ರೌಢಶಾಲಾ ಗಣಿತ ಶಿಕ್ಷಕರ ವೃತ್ತಿ ಬೆಳವಣಿಗೆ ಎಂಬುದು ಕರ್ನಾಟಕದ ಪ್ರೌಢಶಾಲೆಗಳಲ್ಲಿ ಗಣಿತ ಬೋಧಿಸುವವರು ಸೇವೆಗೆ ಸೇರಿದ ನಂತರ ಪಡೆಯುವ ತರಬೇತಿ, ವಿಷಯಜ್ಞಾನದ ವಿಸ್ತರಣೆ ಮತ್ತು ಬಡ್ತಿಯ ಅವಕಾಶಗಳನ್ನು ಒಟ್ಟಾಗಿ ಸೂಚಿಸುತ್ತದೆ. ಬೋಧನೆಯಲ್ಲಿ ಪಳಗುವುದು ಮತ್ತು ಹುದ್ದೆಯಲ್ಲಿ ಮೇಲೇರುವುದು ಇದರ ಎರಡು ಮುಖಗಳು. ಆಚರಣೆಯಲ್ಲಿ ಇವೆರಡೂ ಒಂದೇ ದಿಕ್ಕಿನಲ್ಲಿ ಸಾಗುವುದು ಅಪರೂಪ.

ನೇಮಕಾತಿ ಮತ್ತು ಕಾರ್ಯಭಾರ

ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಶಿಕ್ಷಕರನ್ನು ಸಾಮಾನ್ಯವಾಗಿ ‘ಪಿ.ಸಿ.ಎಂ. ಶಿಕ್ಷಕರು’ ಎಂದು ಕರೆಯಲಾಗುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತವನ್ನೊಳಗೊಂಡ ವಿಜ್ಞಾನ ಪದವಿ ಹಾಗೂ ಬಿ.ಇಡಿ. ಈ ಹುದ್ದೆಗೆ ಬೇಕಾದ ವಿದ್ಯಾರ್ಹತೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷಗಳ ಕೋರ್ಸ್ ಆಯಿತು. ಹೆಸರೇ ಹೇಳುವಂತೆ ಈ ಶಿಕ್ಷಕರು ಗಣಿತದ ಜೊತೆಗೆ ವಿಜ್ಞಾನದ ಭಾಗವನ್ನೂ ಬೋಧಿಸಬೇಕಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮೀಣ ಭಾಗದಲ್ಲಿ ಕಂಡುಬರುವಂತಹ ಸಣ್ಣ ಶಾಲೆಗಳಲ್ಲಿ ಗಣಿತಕ್ಕೆ ಒಬ್ಬರೇ ಶಿಕ್ಷಕರಿರುವುದು ಸಾಮಾನ್ಯ. ಅವರು ತರಬೇತಿಗೆ ಹೊರಟರೆ ಅಷ್ಟು ದಿನ ಮೂರೂ ತರಗತಿಗಳ ಗಣಿತ ಪಾಠ ನಿಲ್ಲುತ್ತದೆ. ವಿಷಯದ ಬಗ್ಗೆ ಚರ್ಚಿಸಲು ಅದೇ ಶಾಲೆಯಲ್ಲಿ ಸಹೋದ್ಯೋಗಿಯೂ ಇರುವುದಿಲ್ಲ.

ಸೇವಾನಿರತ ತರಬೇತಿ

ರಾಜ್ಯ ಮಟ್ಟದಲ್ಲಿ ತರಬೇತಿಯ ಹೊಣೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯದು (ಡಿ.ಎಸ್.ಇ.ಆರ್.ಟಿ.). ಜಿಲ್ಲೆಗಳಲ್ಲಿ ಈ ಕೆಲಸವನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ನಿರ್ವಹಿಸುತ್ತವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ರೂಪುಗೊಂಡ ಈ ಸಂಸ್ಥೆಗಳಲ್ಲಿ ಹಾಸನದ ಡಯಟ್ ಕೂಡ ಒಂದು. 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಪ್ರೌಢಶಾಲಾ ಶಿಕ್ಷಕರ ತರಬೇತಿಗೆ ಪ್ರತ್ಯೇಕ ಅನುದಾನ ತಂದಿತು. 2018ರಲ್ಲಿ ಅದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನವಾಯಿತು.

ಗಣಿತ ಶಿಕ್ಷಕರ ಮಟ್ಟಿಗೆ ಹೆಚ್ಚು ಗಮನಾರ್ಹವಾದದ್ದು ‘ವಿಷಯ ಶಿಕ್ಷಕರ ವೇದಿಕೆ’. ಡಿ.ಎಸ್.ಇ.ಆರ್.ಟಿ.ಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ನಡೆಸಿದ ಈ ಕಾರ್ಯಕ್ರಮದಲ್ಲಿ ಶಿಕ್ಷಕರು ಉಬುಂಟು ಮುಂತಾದ ಮುಕ್ತ ತಂತ್ರಾಂಶಗಳನ್ನು ಕಲಿತರು. ಬೋಧನಾ ಸಾಮಗ್ರಿಯನ್ನು ತಾವೇ ರಚಿಸಿ ಹಂಚಿಕೊಂಡರು. ಇದರ ಮುಂದುವರಿಕೆಯಾಗಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಸಂಗ್ರಹ ಬೆಳೆಯಿತು. ತರಬೇತಿಯ ಕೇಂದ್ರದಲ್ಲಿದ್ದ ಜಿಯೋಜೀಬ್ರಾ ತಂತ್ರಾಂಶವನ್ನು ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಆರಂಭಿಸಿದ್ದರು. ಅರ್ಧವೃತ್ತದಲ್ಲಿನ ಕೋನ ಲಂಬಕೋನವೆಂಬ ಪ್ರಮೇಯವನ್ನು ಕಪ್ಪುಹಲಗೆಯ ಒಂದೇ ಚಿತ್ರದಿಂದ ಒಪ್ಪಿಸುವುದಕ್ಕೂ, ಪರದೆಯ ಮೇಲೆ ಬಿಂದುವನ್ನು ಕಂಸದುದ್ದಕ್ಕೂ ಎಳೆದಾಗ 90 ಡಿಗ್ರಿ ಕದಲದೆ ಉಳಿಯುವುದನ್ನು ತೋರಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಸಾಧನೆಯಲ್ಲ, ಸಾಧನೆ ಏಕೆ ಬೇಕೆಂಬ ಪ್ರಶ್ನೆಯನ್ನು ಎಬ್ಬಿಸುವ ಬಗೆ.

ನಂತರದ ವರ್ಷಗಳಲ್ಲಿ ತರಬೇತಿಯ ದೊಡ್ಡ ಭಾಗ ಅಂತರ್ಜಾಲಕ್ಕೆ ಸರಿಯಿತು. ದೀಕ್ಷಾ ವೇದಿಕೆ 2017ರಲ್ಲಿ, ನಿಷ್ಠಾ ಕಾರ್ಯಕ್ರಮ 2019ರಲ್ಲಿ ಆರಂಭವಾದವು. ಪ್ರೌಢ ಹಂತದ ಶಿಕ್ಷಕರಿಗೆ ನಿಷ್ಠಾ 2021ರಲ್ಲಿ ವಿಸ್ತರಿಸಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ನಿರೀಕ್ಷಿಸುತ್ತದೆ. ಗಂಟೆಗಳನ್ನು ಎಣಿಸುವುದು ಸುಲಭ. ತರಗತಿಯಲ್ಲಾದ ಬದಲಾವಣೆಯನ್ನು ಅಳೆಯುವುದು ಹಾಗಲ್ಲ.

ಏನನ್ನು ಕಲಿಯಬೇಕು

ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಿಷಯಜ್ಞಾನ ಮತ್ತು ಬೋಧನಾಕ್ರಮಗಳೆರಡರ ನಡುವಿನ ವಿಶೇಷ ಜ್ಞಾನವೊಂದನ್ನು ಗುರುತಿಸಿದರು. ಉದಾಹರಣೆಗೆ, (ಅ + ಬ)² ಅನ್ನು ವಿದ್ಯಾರ್ಥಿ ಅ² + ಬ² ಎಂದು ಬರೆದಾಗ ಅದು ತಪ್ಪೆಂದು ಯಾವ ಪದವೀಧರರೂ ಹೇಳಬಲ್ಲರು. ಗುಣಾಕಾರದ ವಿತರಣೆಯನ್ನು ಮಗು ವರ್ಗಕ್ಕೂ ಹಿಗ್ಗಿಸಿತೆಂದು ಗುರುತಿಸಿ, ಚೌಕವೊಂದನ್ನು ನಾಲ್ಕು ಭಾಗ ಮಾಡಿ ಬಿಟ್ಟುಹೋದ ಎರಡು ಆಯತಗಳನ್ನು ತೋರಿಸುವುದು ಶಿಕ್ಷಕರ ಜ್ಞಾನ. ಜಪಾನಿನ ‘ಪಾಠ ಅಧ್ಯಯನ’ ಪದ್ಧತಿ ಇದನ್ನೇ ಸಾಮೂಹಿಕವಾಗಿ ಬೆಳೆಸುತ್ತದೆ: ಕೆಲವು ಶಿಕ್ಷಕರು ಕೂಡಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಬೋಧಿಸುತ್ತಾರೆ, ಉಳಿದವರು ಮಕ್ಕಳ ಯೋಚನೆಯನ್ನು ಗಮನಿಸಿ ಪಾಠವನ್ನು ತಿದ್ದುತ್ತಾರೆ.

ಸ್ಥಳೀಯ ಸಾಮಗ್ರಿಯ ಬಳಕೆಯೂ ಇದೇ ಕೌಶಲದ ಭಾಗ. ಹಾಸನದ ಸಮೀಪದ ಕೊರವಂಗಲದಲ್ಲಿ 1173ರಲ್ಲಿ ನಿರ್ಮಾಣವಾದ ಹೊಯ್ಸಳರ ಬೂಚೇಶ್ವರ ದೇವಾಲಯವಿದೆ. ಅಲ್ಲಿ ಶಿವ ಮತ್ತು ಸೂರ್ಯರ ಗುಡಿಗಳು ಪರಸ್ಪರ ಎದುರಾಗಿವೆ. ಸಮ್ಮಿತಿ, ಅಳತೆ, ಘನಫಲ ಕುರಿತ ಚಟುವಟಿಕೆಗೆ ಇಂತಹ ಕಟ್ಟಡ ಸಿದ್ಧ ಪ್ರಯೋಗಶಾಲೆ.

ಪರೀಕ್ಷಾ ಫಲಿತಾಂಶದ ಒತ್ತಡ

2019ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆಯಿತು. ಜಿಲ್ಲಾವಾರು ಸ್ಥಾನದ ಈ ಪೈಪೋಟಿಯಲ್ಲಿ ಗಣಿತ ಶಿಕ್ಷಕರ ಮೇಲಿನ ಹೊರೆ ಹೆಚ್ಚು, ಏಕೆಂದರೆ ಗಣಿತವು ವಿದ್ಯಾರ್ಥಿಗಳು ಹೆಚ್ಚು ಭಯಪಡುವ ವಿಷಯಗಳಲ್ಲೊಂದು. ವಿಶೇಷ ತರಗತಿ, ಮಾದರಿ ಪ್ರಶ್ನೆಪತ್ರಿಕೆ, ನಿಧಾನ ಕಲಿಕೆಯವರಿಗಾಗಿ ‘ಪಾಸಿಂಗ್ ಪ್ಯಾಕೇಜ್’ ಇವುಗಳಿಗೆ ಶಿಕ್ಷಕರ ಸಮಯ ಹೋಗುತ್ತದೆ. ಹಿಂದುಳಿದ ಮಗುವನ್ನು ದಾಟಿಸುವಲ್ಲಿ ಇವು ಉಪಯುಕ್ತವೇ. ಆದರೆ ತರಬೇತಿಯಲ್ಲಿ ಕಲಿತ ನಿಧಾನದ, ಪ್ರಶ್ನೆ ಕೇಳುವ ಬೋಧನೆಗೆ ಹತ್ತನೇ ತರಗತಿಯಲ್ಲಿ ಉಳಿಯುವ ಅವಕಾಶ ಕಡಿಮೆ.

ಬಡ್ತಿಯ ದಾರಿಗಳು

ಸಹ ಶಿಕ್ಷಕರ ಮುಂದಿನ ಸಾಂಪ್ರದಾಯಿಕ ಹೆಜ್ಜೆ ಪ್ರೌಢಶಾಲಾ ಮುಖ್ಯ ಶಿಕ್ಷಕರ ಹುದ್ದೆ. ಅಲ್ಲಿಂದ ಆಡಳಿತದ ಹುದ್ದೆಗಳತ್ತ ದಾರಿಯಿದೆ. ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಪದವಿ ಪೂರ್ವ ಕಾಲೇಜಿನ ಉಪನ್ಯಾಸಕರಾಗುವ ಅವಕಾಶವಿದೆ. ಉಪನಿರ್ದೇಶಕರ ಕಚೇರಿಯ ವಿಷಯ ಪರಿವೀಕ್ಷಕರು, ಡಯಟ್ ಉಪನ್ಯಾಸಕರು, ಕ್ಷೇತ್ರ ಸಂಪನ್ಮೂಲ ವ್ಯಕ್ತಿಗಳು ಇವು ಶೈಕ್ಷಣಿಕ ಬೆಂಬಲದ ಹುದ್ದೆಗಳು. ಬಡ್ತಿ ಸಿಗದೆ ಉಳಿದವರಿಗೆ ನಿಗದಿತ ಸೇವಾವಧಿಯ ನಂತರ ಕಾಲಮಿತಿ ವೇತನ ಬಡ್ತಿ ದೊರೆಯುತ್ತದೆ.

ಈ ಏಣಿಯ ಮುಖ್ಯ ದೋಷ ಸ್ಪಷ್ಟವಾಗಿದೆ. ಮುಖ್ಯ ಶಿಕ್ಷಕರ ಹುದ್ದೆಗೆ ಜ್ಯೇಷ್ಠತೆಯೇ ಪ್ರಧಾನ, ಬೋಧನೆಯ ಗುಣಮಟ್ಟವಲ್ಲ. ಮೇಲೇರಿದವರು ಬಿಸಿಯೂಟದ ಲೆಕ್ಕ, ಕಟ್ಟಡದ ದುರಸ್ತಿ, ಕಚೇರಿಯ ಪತ್ರವ್ಯವಹಾರಗಳಲ್ಲಿ ತೊಡಗಿ ಗಣಿತದ ತರಗತಿಯಿಂದ ದೂರವಾಗುತ್ತಾರೆ. ತರಗತಿಯಲ್ಲೇ ಉಳಿದು ಬೆಳೆಯಲು ಬಯಸುವ ಶಿಕ್ಷಕರಿಗಾಗಿ ರಾಷ್ಟ್ರೀಯ ಶಿಕ್ಷಣ ನೀತಿ 2020 ಅರ್ಹತೆ ಆಧಾರಿತ ಹಂತಗಳನ್ನು ಮತ್ತು ಶಿಕ್ಷಕರಿಗೆ ರಾಷ್ಟ್ರೀಯ ವೃತ್ತಿಪರ ಮಾನದಂಡಗಳನ್ನು ಪ್ರಸ್ತಾಪಿಸಿದೆ.

ಕನ್ನಡದಲ್ಲಿ ಸಾಮಗ್ರಿ

ಗಣಿತ ಶಿಕ್ಷಣದ ಉನ್ನತ ಓದಿನ ಬಹುಪಾಲು ಇಂಗ್ಲಿಷಿನಲ್ಲಿದೆ. 12ನೇ ಶತಮಾನದಲ್ಲೇ ರಾಜಾದಿತ್ಯನು ‘ವ್ಯವಹಾರ ಗಣಿತ’ವನ್ನು ಬರೆದ ಭಾಷೆಯಲ್ಲಿ ಶಿಕ್ಷಕರಿಗಾಗಿ ಬರೆದ ಗಣಿತ ಪುಸ್ತಕಗಳು ಇಂದು ಕಡಿಮೆ. ಬಹುಪದೋಕ್ತಿ, ಸಮಾಂತರ ಶ್ರೇಢಿ, ಸಂಭವನೀಯತೆ ಮುಂತಾದ ಪಾರಿಭಾಷಿಕ ಪದಗಳು ಪಠ್ಯಪುಸ್ತಕದಲ್ಲಿ ನೆಲೆಗೊಂಡಿವೆ. ಆದರೆ ಕನ್ನಡ ಮಾಧ್ಯಮದಿಂದ ಪದವಿ ಪೂರ್ವ ವಿಜ್ಞಾನ ತರಗತಿಗೆ ಹೋಗುವ ವಿದ್ಯಾರ್ಥಿಗೆ ಅವೆಲ್ಲವೂ ಒಮ್ಮೆಲೇ ಇಂಗ್ಲಿಷಾಗುತ್ತವೆ. ಹೀಗಾಗಿ ಕೆಲವು ಶಿಕ್ಷಕರು ಹತ್ತನೇ ತರಗತಿಯಲ್ಲೇ ಎರಡೂ ಪದಗಳನ್ನು ಜೊತೆಜೊತೆಯಾಗಿ ಹಲಗೆಯ ಮೇಲೆ ಬರೆಯುವ ರೂಢಿ ಇಟ್ಟುಕೊಂಡಿದ್ದಾರೆ.