ಕಲ್ಲಿನ ಸೌಧ, ಕಾಯಕದ ನುಡಿ

ಬೆಂಗಳೂರಿನ ವಿಧಾನಸೌಧವು ಮೂಲತಃ ಹಳೆಯ ಮೈಸೂರು ರಾಜ್ಯಕ್ಕಾಗಿ ಸಂಕಲ್ಪಿತವಾದುದು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಅಡಿಗಲ್ಲನ್ನಿಟ್ಟಾಗ ರಾಯಚೂರು, ದೇವದುರ್ಗ, ಮಾನ್ವಿಗಳು ಹೈದರಾಬಾದು ರಾಜ್ಯದಲ್ಲಿದ್ದವು. 1952ರಲ್ಲಿ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ಮೊದಲಿನ ಯೋಜನೆಯನ್ನು ಮಾರ್ಪಡಿಸಿ, ಶಿಲ್ಪಿ ಬಿ. ಆರ್. ಮಾಣಿಕಂ ಅವರ ಮೂಲಕ ದ್ರಾವಿಡ ಶೈಲಿಯ ಭವ್ಯ ಸೌಧವನ್ನು ನಿರ್ಮಿಸಿದರು. 1956ರಲ್ಲಿ ಅದು ಪೂರ್ಣಗೊಂಡಿತು. ಅದೇ ವರ್ಷದ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರನ್ನು ಸೇರಿತು. ಹೀಗೆ ಒಂದು ಪ್ರಾಂತಕ್ಕೆಂದು ಎದ್ದ ಮನೆ ಸಮಗ್ರ ಕನ್ನಡ ನಾಡಿನ ಮನೆಯಾಯಿತು.

ಸೌಧದ ಉದ್ದ ಸುಮಾರು 700 ಅಡಿ, ಅಗಲ 350 ಅಡಿ. ಮುಂಭಾಗದಲ್ಲಿ 40 ಅಡಿ ಎತ್ತರದ 12 ಕಣಶಿಲೆಯ ಕಂಬಗಳಿವೆ. ಇಷ್ಟು ವೆಚ್ಚ ಬೇಕಿತ್ತೆ ಎಂಬ ಟೀಕೆ ಅಂದೇ ಕೇಳಿಬಂದಿತು.

ಬೃಹತ್ ಶಿಲೆ ರಾಯಚೂರಿನವರಿಗೆ ಹೊಸದಲ್ಲ. ಅಲ್ಲಿಯ ಕೋಟೆಯ ಗೋಡೆಯಲ್ಲಿ 1294ರ ಶಾಸನವುಳ್ಳ 41 ಅಡಿಗೂ ಮಿಕ್ಕಿದ ಏಕಶಿಲೆಯಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ದೃಶ್ಯವನ್ನೂ ಗೋಡೆಯಲ್ಲಿ ಕೊರೆಯಲಾಗಿದೆ. ಕಟ್ಟಿಸಿದ ಪ್ರಭುವಿನ ಹೆಸರಿನೊಡನೆ ಭಾರ ಹೊತ್ತವರ ಶ್ರಮವೂ ಅಲ್ಲಿ ಉಳಿದಿರುವುದು ಗಮನಾರ್ಹ.

ವಿಧಾನಸೌಧದ ಮುಡಿಯಲ್ಲಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ನುಡಿ ಶರಣರ ಕಾಯಕತತ್ತ್ವಕ್ಕೆ ಸಮೀಪವಾದುದು. ಆದರೆ ಕಾಯಕಕ್ಕೆ ಸತ್ಯಶುದ್ಧತೆಯೇ ಪ್ರಾಣ. ಅನುಭವ ಮಂಟಪವು ಇಂದಿಗೂ ಬಾಳುತ್ತಿರುವುದು ಅದರ ಕಂಬಗಳಿಂದಲ್ಲ, ಅಲ್ಲಿ ಕುಲಭೇದವಿಲ್ಲದೆ ನಡೆದ ಅನುಭಾವಗೋಷ್ಠಿಯಿಂದ. ಮಾನ್ವಿಯ ರೈತನ, ದೇವದುರ್ಗದ ಕೂಲಿಕಾರನ ಅಳಲು ಒಳಗೆ ಕೇಳಿಸಿದಾಗಲೇ ಆ ಕಲ್ಲಕ್ಷರಕ್ಕೆ ಜೀವ ಬರುವುದು.